ಮೀಸೆ ಮಾವನ ಮೂವತ್ತನೇ ದಿನ

ಬೆಳಗ್ಗೆ ಎಂಟಕ್ಕೆ ಗಾಜಿನ ತೊಟ್ಟಿಯ ದೀಪ ಹಾಕಿದಾಗ ಮೀಸೆ ಮಾವ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಕನ್ನಡಕದವನು ಗಾಜಿಗೆ ಹಣೆ ಒತ್ತಿ ನಿಂತ.

ಕೆಂಪು ಬೆನ್ನು, ನಡುವೆ ಬಿಳಿ ಪಟ್ಟೆ. ಬಲಕ್ಕೆ ಉದ್ದನೆಯ ಬಿಳಿ ಮೀಸೆ, ಎಡಕ್ಕೆ ಅರ್ಧ. ಹೋದ ಭಾನುವಾರ ಪಂಪಿನ ಜಾಲರಿಗೆ ಸಿಕ್ಕಿ ಎಡ ಮೀಸೆ ತುಂಡಾಗಿತ್ತು. ಅನುಮಾನಕ್ಕೆ ಎಡೆಯೇ ಇಲ್ಲ. ತೊಟ್ಟಿಯಲ್ಲಿದ್ದ ಸಿಗಡಿ ಅದೊಂದೇ.

ಸಂಜೆ ನಾಲ್ಕಕ್ಕೆ ಹೆಂಡತಿ ಬರುತ್ತಾಳೆ, ಮಗಳ ಜೊತೆ. ಇವತ್ತು ಮೂವತ್ತನೇ ದಿನ.

ಐದು ತಿಂಗಳ ಹಿಂದೆ ಮಗಳಿಗೆ ಜ್ವರ ಬಂದಿತ್ತು. ಮಧ್ಯಾಹ್ನದ ಔಷಧಿ ಕೊಡಲು ಅವನು ಮರೆತ. ಹೆಂಡತಿ ಕೆಲಸದ ಜಾಗದಿಂದ ಫೋನ್ ಮಾಡಿ ಕೇಳಿದಾಗ "ಆಗಲೇ ಕೊಟ್ಟಾಯ್ತು" ಎಂದ. ಸಂಜೆ ಮಗುವಿಗೆ ಫಿಟ್ಸ್ ಬಂತು. ನಾಲ್ಕು ದಿನ ಆಸ್ಪತ್ರೆ. ಮಗು ಚೇತರಿಸಿಕೊಂಡ ಮಾರನೇ ದಿನವೇ ಹೆಂಡತಿ ಅವಳನ್ನು ಕರೆದುಕೊಂಡು ತವರಿಗೆ ಹೊರಟಳು.

"ಮರೆತಿದ್ದಕ್ಕಲ್ಲ," ಎಂದಿದ್ದಳು ಹೊಸ್ತಿಲಲ್ಲಿ. "ಮರೆವು ಯಾರಿಗಿಲ್ಲ? ಕೊಟ್ಟೆ ಅಂದ್ರಲ್ಲ, ಅದಕ್ಕೆ."

ತಿಂಗಳುಗಟ್ಟಲೆ ಬೇಡಿಕೊಂಡ ಮೇಲೆ ಒಂದು ದಾರಿ ಬಿಟ್ಟಳು. ಮಗಳಿಗೆ ಸಮುದ್ರದ ಜೀವಿಗಳನ್ನು ಸಾಕುವ ತೊಟ್ಟಿಯ ಹುಚ್ಚು. "ಕಟ್ಟಿ. ಅವಳು ಆರಿಸಿದ ಒಂದು ಜೀವಾನ ಒಂದು ತಿಂಗಳು ನೋಡ್ಕೊಳ್ಳಿ. ಏನಾದ್ರೂ ಆದ್ರೆ ಆಯ್ತು ಅಂತ ಹೇಳಿ. ಇನ್ನೊಂದು ಸುಳ್ಳು ಸಿಕ್ತೋ, ಅಲ್ಲಿಗೆ ಮುಗೀತು."

ಅವನು ಕಟ್ಟಿದ. ಮೊದಲ ಆರು ವಾರ ಬರೀ ಕಲ್ಲು, ಮರಳು, ಉಪ್ಪುನೀರು. ನೀರು ಹದಕ್ಕೆ ಬರುವ ತನಕ ಒಂದು ಜೀವವನ್ನೂ ಬಿಡುವಂತಿಲ್ಲ. ಆಮೇಲೆ ಹವಳ. ಆವಿಯಾದ ನೀರಿನ ಜಾಗಕ್ಕೆ ದಿನಾ ಉಪ್ಪುನೀರನ್ನೇ ಸುರಿದು ಮೊದಲ ಹವಳವನ್ನು ಕೊಂದ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ ಎಂಬ ಪ್ರೈಮರಿ ಶಾಲೆಯ ಪಾಠ ನೆನಪಾದದ್ದು ಆಮೇಲೆ. ಅದನ್ನು ಹೆಂಡತಿಗೆ ಫೋನಿನಲ್ಲಿ ಹೇಳಿದ. ಐದು ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಮಗಳು ಅಂಗಡಿಯಲ್ಲಿ ಈ ಸಿಗಡಿಯನ್ನು ಆರಿಸಿದಳು. "ಮೀಸೆ ಮಾವ" ಎಂದು ಹೆಸರಿಟ್ಟವಳೂ ಅವಳೇ.

ಕನ್ನಡಕದವನು ನೀರು ಪರೀಕ್ಷಿಸಿದ. ಉಪ್ಪು ಸರಿ. ಶಾಖ ಇಪ್ಪತ್ತಾರು ಡಿಗ್ರಿ. ಅಮೋನಿಯಾ ಸೊನ್ನೆ. ಹವಳಗಳು ಎಂದಿನಂತೆ ಅರಳಿದ್ದವು. ಆದರೆ ಸಿಗಡಿ ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಅವನಿಗೆ ಆಗಲೇ ಹೊಳೆಯಬೇಕಿತ್ತು.

ಚಿಮಟದಿಂದ ಎತ್ತಿದ. ಹೂವಿನ ಎಸಳಿನಷ್ಟು ಹಗುರ. ಕಸಕ್ಕೆ ಹಾಕಲು ಮನಸ್ಸಾಗದೆ ಬೆಂಕಿಪೊಟ್ಟಣದಲ್ಲಿಟ್ಟು ಜೇಬಿಗೆ ಹಾಕಿಕೊಂಡ. ದಿನವಿಡೀ ಪರರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನು, ಅದನ್ನು ಎರಡನೇ ಸಲ ನೋಡಲಿಲ್ಲ.

ಫೋನ್ ಕೈಗೆತ್ತಿಕೊಂಡ. ಹೆಂಡತಿಯ ನಂಬರಿನ ಮೇಲೆ ಬೆರಳಿಟ್ಟ. "ಸತ್ತೋಯ್ತು ಕಣೇ." ಇಷ್ಟೇ ಹೇಳಬೇಕಾದದ್ದು. ಫೋನ್ ಕೆಳಗಿಟ್ಟು ಚಪ್ಪಲಿ ಮೆಟ್ಟಿದ.

ಎರಡು ಬಸ್ಸು ಬದಲಾಯಿಸಿ ಹೋದಾಗ ಅಂಗಡಿಯ ಮುದುಕ ಆಗಷ್ಟೇ ಬಾಗಿಲು ತೆರೆಯುತ್ತಿದ್ದ.

"ಏನ್ ಸಾರ್, ಬೆಳಬೆಳಗ್ಗೆ? ಮಾವ ಹೇಗಿದಾನೆ?"

"ಚೆನ್ನಾಗಿದಾನೆ," ಎಂದ ಕನ್ನಡಕದವನು. "ಒಂಟಿ ಅನ್ನಿಸ್ತು. ಅಷ್ಟೇ ಗಾತ್ರದ್ದು ಇನ್ನೊಂದು ಕೊಡಿ."

"ಒಳ್ಳೇ ಕೆಲಸ. ಜೋಡಿ ಇದ್ರೆ ಬದುಕೇ ಬೇರೆ ಸಾರ್. ನಿಮಗೆ ನಾನು ಹೇಳ್ಬೇಕಾ!" ಮುದುಕ ನಗುತ್ತಾ ಚೀಲಕ್ಕೆ ನೀರು ತುಂಬಿದ. "ಅವಸರ ಮಾಡ್ಬೇಡಿ. ನಿಮ್ಮ ನೀರನ್ನ ಹನಿ ಹನಿಯಾಗಿ ಬೆರೆಸಿ. ಎರಡು ಗಂಟೆ."

ಮನೆಗೆ ಬಂದು ಎರಡು ಗಂಟೆ ಅವನು ಹನಿಗಳನ್ನು ಎಣಿಸುತ್ತಾ ಕೂತ. ಆಮೇಲೆ, ಕನ್ನಡಕ ರಿಪೇರಿಗೆ ಬಳಸುವ ಸಣ್ಣ ಕತ್ತರಿ ತಂದ. ಹೊಸ ಸಿಗಡಿಗೆ ಎರಡೂ ಮೀಸೆ ಪೂರ್ತಿಯಿದ್ದವು. ಕಣ್ಣು ಮುಚ್ಚಿ, ಎಡ ಮೀಸೆಯನ್ನು ಅರ್ಧಕ್ಕೆ ಕತ್ತರಿಸಿ, ಸಿಗಡಿಯನ್ನು ತೊಟ್ಟಿಗೆ ಬಿಟ್ಟ.

ನಾಲ್ಕಕ್ಕೆ ಸರಿಯಾಗಿ ಬಾಗಿಲ ಗಂಟೆ ಬಾರಿಸಿತು. ಮಗಳು ಚಪ್ಪಲಿ ಸಮೇತ ಒಳಗೆ ಓಡಿದಳು. "ಮೀಸೆ ಮಾವಾ!"

ಹೆಂಡತಿ ಎರಡು ಚೀಲಗಳನ್ನು ಬಾಗಿಲಲ್ಲೇ ಇಟ್ಟು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ತುಂಬಾ ಹೊತ್ತು ನೋಡಿದಳು.

"ಅದೇನಾ ಇದು?"

"ಮತ್ತಿನ್ಯಾವ್ದು? ಇರೋದೇ ಒಂದು. ಮೀಸೆ ನೋಡು."

"ಪುಟ್ಟಿ ಆಣೆ?"

"ಪುಟ್ಟಿ ಆಣೆ."

ಅವಳ ಭುಜ ಸಡಿಲಾಯಿತು. ಎದ್ದು ನಿಂತಳು. ಕಣ್ಣು ಒದ್ದೆಯಾಗಿತ್ತು. "ಇದು ಸತ್ತಿದ್ರೂ ನಾನು ಬರ್ತಿದ್ದೆ, ಗೊತ್ತಾ? ನೀವು ಹೇಳಿದ್ರೆ ಸಾಕಿತ್ತು." ಬಾಗಿಲ ಕಡೆ ಕೈ ತೋರಿಸಿದಳು. "ಚೀಲ ಒಳಗಿಡಿ."

ಅವನು ಜೇಬಿನ ಮೇಲೆ ಕೈ ಒತ್ತಿ ಹಿಡಿದು ಬಗ್ಗಿದ. ಒಂದು ಚೀಲ ಎತ್ತಿದ.

ಮಗಳು ಆಗಲೇ ಸ್ಟೂಲ್ ಹತ್ತಿ ಚಿಟಿಕೆ ಮೇವು ಉದುರಿಸಿದ್ದಳು.

"ಅಮ್ಮಾ, ಅಮ್ಮಾ! ಮೀಸೆ ಮಾವಂಗೆ ತಮ್ಮ ಬಂದ!"

ಕಲ್ಲಿನ ಸಂದಿಯಿಂದ ಇನ್ನೊಂದು ಸಿಗಡಿ ಹೆಜ್ಜೆ ಹೆಜ್ಜೆಯಾಗಿ ಹೊರಬರುತ್ತಿತ್ತು. ತೊಳೆದಿಟ್ಟಂತೆ ಕೆಂಪು, ಹೊಸ ಬಟ್ಟೆ ತೊಟ್ಟಂತೆ ಹೊಳಪು. ಕನ್ನಡಕದವನ ಕೈಯಿಂದ ಚೀಲ ಜಾರಿತು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತೆರೆದ. ಅದರಲ್ಲಿದ್ದದ್ದು ಸಿಗಡಿಯಲ್ಲ. ಹಾವು ಪೊರೆ ಬಿಟ್ಟಂತೆ, ಬೆಳೆಯುವ ಸಿಗಡಿ ಕಳಚಿ ಹೋದ ಚಿಪ್ಪು. ಬೆನ್ನಲ್ಲಿ ಸೀಳು, ಒಳಗೆ ಬರೀ ಗಾಳಿ.

ಹೆಂಡತಿ ಗಾಜಿನತ್ತ ಬಾಗಿದಳು. ಎರಡು ಸಿಗಡಿಗಳು ಮೇವಿಗೆ ಅಕ್ಕಪಕ್ಕ ನಿಂತಿದ್ದವು. ಎರಡಕ್ಕೂ ಎಡ ಮೀಸೆ ಅರ್ಧವೇ ಇತ್ತು.