ಎದೆಯ ಎರಡನೆಯ ಗುಂಡಿ

ಚಿಗುಸಾಳ ಬಲಗೈ ಮುಷ್ಟಿ ಬೆಳಗಿನಿಂದ ಬಿಚ್ಚಿರಲಿಲ್ಲ. ಬೀಳ್ಕೊಡುಗೆ ಸಮಾರಂಭದಲ್ಲಿ ಪ್ರಾಂಶುಪಾಲರು ಪ್ರಮಾಣಪತ್ರ ಕೊಟ್ಟಾಗಲೂ ಎಡಗೈ ಚಾಚಿ, ಬಲಮುಷ್ಟಿಯನ್ನು ಅದರ ಕೆಳಗೆ ಆನಿಸಿಯೇ ಇಸಿದುಕೊಂಡಳು. ಬೆರಳ ಸಂದಿಯಲ್ಲಿ ಹಿತ್ತಾಳೆ ಮಿಂಚಿತು.

ಮೂರನೇ ಸಾಲಿನಲ್ಲಿ ಕೂತಿದ್ದ ಇಸಾಮು ಕತ್ತು ಚಾಚಿ ನೋಡಿದ. ಗುಂಡಿ! ಹುಡುಗರ ಕಪ್ಪು ಕೋಟಿನ ಗುಂಡಿ.

ಓದು ಮುಗಿದ ದಿನ ಹುಡುಗಿಯೊಬ್ಬಳು ಹುಡುಗನ ಕೋಟಿನ ಎರಡನೇ ಗುಂಡಿಯನ್ನು ಇಟ್ಟುಕೊಂಡಳೆಂದರೆ ಮುಗಿಯಿತು, ಅವಳ ಮನಸ್ಸು ಅವನದೇ, ಬೇರೆ ಮಾತೇ ಬೇಡ. ಹೃದಯಕ್ಕೆ ತೀರ ಹತ್ತಿರದ ಗುಂಡಿ ಅದು. ಚಿಗುಸಾ ಕೇಳಿಯಾಳೆಂಬ ಆಸೆಯಿಂದ ಇಸಾಮು ನಿನ್ನೆ ತನ್ನದಕ್ಕೆ ಅಜ್ಜಿಯ ಟೂತ್‌ಪೇಸ್ಟ್ ಹಚ್ಚಿ ಫಳಫಳ ತಿಕ್ಕಿದ್ದ. ನಾಳೆ ಅವಳು ಕಾಲೇಜು ಸೇರಲು ಸಪ್ಪೊರೊದ ರೈಲು ಹತ್ತುತ್ತಾಳೆ. ಇವತ್ತು ತಪ್ಪಿದರೆ ತಪ್ಪಿದಂತೆಯೇ.

ಇಸಾಮುವಿನ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲವೆಂದು ಇಡೀ ಶಾಲೆಗೆ ಗೊತ್ತು. ಗಣಿತದ ಮೇಷ್ಟ್ರಿಗೂ ಶಾಲೆಯ ನರ್ಸಮ್ಮನಿಗೂ ಮದುವೆಯೆಂದು ಮೂರು ತಿಂಗಳು ಮುಂಚೆಯೇ ಹೇಳಿದ್ದ. ಇಬ್ಬರ ಊಟದ ಡಬ್ಬಿಯಲ್ಲೂ ಮೊಟ್ಟೆಯ ಸುರುಳಿಯನ್ನು ಒಂದೇ ರೀತಿ ಓರೆಯಾಗಿ ಕತ್ತರಿಸಿದ್ದರಂತೆ. ಚಿಗುಸಾ ಮೂರು ವರ್ಷ ಗುಟ್ಟಾಗಿ ಅವನ ಹುಟ್ಟುಹಬ್ಬಕ್ಕೆ ಉಡುಗೊರೆ ತಂದಳು. ಮೂರು ವರ್ಷವೂ ಪೊಟ್ಟಣ ಬಿಚ್ಚುವ ಮೊದಲೇ "ಕೈಗವಸು", "ಇಂಕು ಪೆನ್ನು", "ಕಾಲುಚೀಲ, ಹಸಿರು" ಎಂದು ಹೇಳಿ ಅವಳ ಮುಖ ಊದಿಸಿದ್ದ.

ಇವತ್ತು ಬೆಳಿಗ್ಗೆಯೂ ಆ ಕಣ್ಣು ಸುಮ್ಮನಿರಲಿಲ್ಲ. ತರಗತಿಯ ಹುಡುಗರಿಗೆಂದು ತಂದ ಹತ್ತೊಂಬತ್ತು ಬಟ್ಟೆ ಹೂಗಳನ್ನು ಅವರವರ ಎದೆಗೆ ಸಿಕ್ಕಿಸುವ ಕೆಲಸ ಚಿಗುಸಾಳದು. ಪಿನ್ನು ಮೈಗೆ ಚುಚ್ಚದಿರಲೆಂದು ಕೋಟಿನೊಳಗೆ ಬೆರಳು ತೂರಿಸಿ ಸಿಕ್ಕಿಸುತ್ತಿದ್ದಳು. ಎಲ್ಲರಿಗಿಂತ ಕೊನೆಗೆ ಇಸಾಮುವಿನ ಸರದಿ ಬಂದಾಗ ಯಾಕೋ ಬಹಳ ಹೊತ್ತು ಹಿಡಿಯಿತು. ಬಗ್ಗಿದರೆ ಅವಳ ಕೂದಲಿಗೆ ಮೂಗು ತಾಗೀತೆಂಬ ಭಯಕ್ಕೆ ಅವನು ಮೇಲೆ ನೋಡುತ್ತ ನಿಂತು ಚಾವಣಿಯಲ್ಲಿ ಹನ್ನೊಂದು ಬಿರುಕು ಎಣಿಸಿದ. ಸರಿದು ನಿಂತಾಗ ಅವಳ ಕಿವಿ ಕೆಂಪಾಗಿತ್ತು. ಮಾರ್ಚ್ ಚಳಿ ಎಂದು ತೀರ್ಮಾನಿಸಿದ.

ಸರಿ, ಗುಂಡಿ ಯಾರದು? ಇಸಾಮು ಕೂತಲ್ಲಿಂದಲೇ, ಪ್ರಮಾಣಪತ್ರ ಹಿಡಿದು ಮರಳುತ್ತಿದ್ದ ತರಗತಿಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ಜಾಲಾಡಿದ. ಹದಿನೆಂಟು ಎದೆ, ಒಂದೊಂದರ ಮೇಲೂ ಐದೈದು ಗುಂಡಿ. ಯಾರದೂ ಕಾಣೆಯಾಗಿಲ್ಲ. ಈ ನಡುವೆ ಎದೆಗೆ ತಣ್ಣನೆಯ ಗಾಳಿ ಹೊಡೆಯುತ್ತಿತ್ತು. ಎಡಗಡೆಯ ನಾಲ್ಕನೇ ಕಿಟಕಿ ಒಂದು ಬೆರಳಿನಷ್ಟು ತೆರೆದಿರುವುದನ್ನೂ ಪತ್ತೆ ಹಚ್ಚಿದ.

ಹಾಗಾದರೆ ಹೊರಗಿನವನದೇ. ಹೋದ ವರ್ಷ ಓದು ಮುಗಿಸಿ ಹೋದ ಯಾವನೋ ಕೊಟ್ಟದ್ದು. ಲೆಕ್ಕ ಸರಿಹೋಯಿತು, ಇಸಾಮುವಿನ ಜೀವ ಬಾಡಿಹೋಯಿತು.

ಹೊರಗೆ ಅಂಗಳದಲ್ಲಿ ಬೇಸ್‌ಬಾಲ್ ತಂಡದ ಗೊಂದೊ ಎದುರಾದ. ಹುಡುಗಿಯರ ದಂಡು ಒಳಗಡೆಯ ಕೊಕ್ಕೆ ಬಿಡಿಸಿ ಅವನ ಐದೂ ಗುಂಡಿಗಳನ್ನು ಹೊತ್ತೊಯ್ದಿತ್ತು. ಅವನು ಇಸಾಮುವನ್ನು ಮೇಲಿಂದ ಕೆಳಗೆ ನೋಡಿ ಹಲ್ಲು ಕಿರಿದ.

"ಅಂತೂ ನೀನೂ ದಡ ಸೇರ್ದೆ ಬಿಡೋ! ಖುಷಿ ಆಯ್ತು ಕಣೋ."

"ಎಲ್ರೂ ಪಾಸಾಗಿದೀವಲ್ಲೋ, ನಂದೇನು ದೊಡ್ಡದು?"

"ಥೂ, ನಿನ್ ಕಣ್ಣಿಗಿಷ್ಟು!" ಎಂದು ಬೆನ್ನಿಗೊಂದು ಗುದ್ದಿ ಗೊಂದೊ ನಡೆದ.

ಫೋಟೋ ತೆಗೆಯಲು ಬಂದ ಅಜ್ಜಿಗೂ ಕ್ಯಾಮೆರಾ ಹಿಡಿಯಲಾರದಷ್ಟು ನಗು. ಹೊಸ ಹಲ್ಲುಸೆಟ್ಟು ಕಚಗುಳಿ ಇಡುತ್ತಿದೆ ಎಂದು ಇಸಾಮು ಗ್ರಹಿಸಿದ.

ಗೇಟಿನ ಬಳಿ ಚಿಗುಸಾ ಒಬ್ಬಳೇ ನಿಂತಿದ್ದಳು. ಮುಷ್ಟಿ ಹಾಗೆಯೇ ಇತ್ತು.

"ನಂಗೆ ಗೊತ್ತಾಯ್ತು," ಎಂದ ಇಸಾಮು. "ಕೈಲಿರೋದು ಗುಂಡಿ. ಎರಡನೇದು."

ಅವಳ ಮುಖ ಇಳಿಯಿತು. "ಅಯ್ಯೋ, ಇದೂ ಗೊತ್ತಾಗೋಯ್ತಾ? ಈ ಒಂದ್ಸಲನಾದ್ರೂ ಗೊತ್ತಾಗ್ಬಾರ್ದಿತ್ತು."

"ಒಳ್ಳೆ ಹುಡುಗ ತಾನೇ?"

ಚಿಗುಸಾ ಅವನನ್ನೇ ದಿಟ್ಟಿಸಿದಳು. "ಒಳ್ಳೆಯವ್ನೇ."

"ನಿನ್ ಹತ್ರ ಇದೆ ಅಂತ ಅವನಿಗೆ ಗೊತ್ತಾ?"

ಮೂರು ವರ್ಷದ ಸೇಡು ಒಮ್ಮೆಲೇ ತೀರಿದಂತೆ ಅವಳ ಮುಖ ಅರಳಿತು. "ಇಲ್ಲ! ಪಾಪ, ಇನ್ನೂ ಗೊತ್ತೇ ಇಲ್ಲ!"

ಇಸಾಮುವಿಗೆ ಅಳು ಬಂತು. ನುಂಗಿಕೊಂಡ. "ಹೋಗ್ಲಿ ಬಿಡು. ನಂದನ್ನ ನಿಂಗೇ ಅಂತ ತಿಕ್ಕಿ ಇಟ್ಟಿದ್ದೆ. ಬೇಡದಿದ್ರೂ ತಗೊ, ದಾರೀಲಿ ಎಲ್ಲಾದ್ರೂ ಬಿಸಾಕು," ಎಂದು ಕೀಳಲು ಎದೆಗೆ ಕೈ ಹಾಕಿದ.

ಒಂದನೆಯ ಗುಂಡಿ ಸಿಕ್ಕಿತು, ಅದರ ಕೆಳಗೆ ನೇರವಾಗಿ ಮೂರನೆಯದು ಸಿಕ್ಕಿತು. ಬೆಳಗಿನಿಂದ ಹದಿನೆಂಟು ಎದೆಗಳನ್ನು ಜಾಲಾಡಿದ್ದ ಇಸಾಮು ಹತ್ತೊಂಬತ್ತನೆಯದನ್ನು ಈಗ ಬಗ್ಗಿ ನೋಡಿದ.