ಖಾಲಿ ಬಿಟ್ಟ ಆಕಾಶ

"ಈ ಮೋಡ ಯಾರು ಬರ್ದಿದ್ದಮ್ಮಾ?" ಹುಣಸೂರಿನ ಜಲವರ್ಣ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ತೀರ್ಪುಗಾರ ಕಾಂತರಾಜ್ ಹನ್ನೊಂದನೆಯ ಚಿತ್ರದತ್ತ ಪೆನ್ಸಿಲ್ ತೋರಿಸಿ ಕೇಳಿದರು. "ಕೆಳಗಡೆ ಹೊಗೆಸೊಪ್ಪಿನ ಹೊಲ ಎಷ್ಟ್ ಚೆನ್ನಾಗದೆ! ಈ ಮೋಡ ಎಲ್ಲಾನೂ ಕೆಡಿಸ್ಬುಡ್ತು ಕಣಮ್ಮ."

ಚಿತ್ರ ಸುಫಿಯಾಳದು. ಬೆಟ್ಟದಪುರದ ಬಿಸಿಲು ಕಾಣಲೆಂದು ಅವಳು ಆಕಾಶದ ಜಾಗದಲ್ಲಿ ಕಾಗದವನ್ನು ಬೆಳ್ಳಗೇ ಉಳಿಸಿದ್ದಳು. ಮಂಚ, ಬೀರುಗಳಿಗೆ ಹೂಬಳ್ಳಿ ಬರೆಯುವ ಚಿಕ್ಕಪ್ಪ ನಜೀರ್‌ಗೆ ಖಾಲಿ ಜಾಗವೆಂದರೆ ಮುಗಿಯದ ಕೆಲಸ. ಅಣ್ಣನ ಮಗಳಿಗೆ ನೆರವಾಗಲೆಂದು ಅವರೇ ಮೋಡ ತುಂಬಿದ್ದರು. ಬೇರೆಯವರ ಕೈ ಸೋಕಿದೆಯೆಂದರೆ ಚಿತ್ರವು ನಿಯಮದಂತೆ ಸ್ಪರ್ಧೆಯಿಂದಲೇ ಹೊರಗೆ. ಮೋಡ ತನ್ನದೇ ಎಂದರೆ, ಮೂರು ವರ್ಷಗಳಿಂದ ಕಾದ ಆಯ್ಕೆ ಈ ಸಲವೂ ಇಲ್ಲ. ಅಂಗಡಿ ಮುಚ್ಚಿ ಬಂದಿದ್ದ ನಜೀರ್, ಮಾತು ಕೇಳಿಸದಷ್ಟು ದೂರದ ಹಿಂದಿನ ಸಾಲಿನಿಂದ ಕತ್ತು ಚಾಚಿ ನಗುತ್ತಿದ್ದರು.

"ನಾನೇ ಸರ್," ಎಂದಳು. ಕಾಂತರಾಜ್ ನಿಟ್ಟುಸಿರು ಬಿಟ್ಟು, ಪಟ್ಟಿಯಲ್ಲಿದ್ದ ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಅವಳು ಹಿಂದಿನ ಸಾಲಿಗೆ ಬರುತ್ತಲೇ ನಜೀರ್ ಎದ್ದು ನಿಂತರು. "ಏನಂದ್ರು ಬೇಟಾ? ಮೋಡ ನೋಡಿದ್ರಾ?"

"ನೋಡಿದ್ರು ಚಾಚಾ. ಅದೊಂದನ್ನೇ ಕೇಳಿದ್ದು," ಎಂದಳು ಸುಫಿಯಾ.