ತಡವಾದ ದಿನಕ್ಕೊಂದು ಮುಖ

ಒಂದೇ ವಿಡಿಯೋ ಕ್ಯಾಸೆಟ್ಟನ್ನು ನೂರಾ ಹತ್ತು ವರ್ಷ ವಾಪಸ್ ಕೊಡದೆ ಇಟ್ಟುಕೊಂಡವನು ನಾನು. ಆದರೂ ಒಂದು ಮುಖವನ್ನೂ ಮರೆತಿಲ್ಲ! ನಮ್ಮೂರಿನ ಕ್ಯಾಸೆಟ್ ಅಂಗಡಿಯಲ್ಲಿ ತಡವಾದ ದಿನಕ್ಕೊಂದು ಮುಖ ದಂಡವಾಗಿ ಗಿರಾಕಿಯ ನೆನಪಿನಿಂದ ಹೋಗುತ್ತದೆ. ಜಾಣರು ಬೇಡದ ಬೀಗರ ಹೆಸರುಗಳನ್ನು ಮೊದಲೇ ಬರೆಸಿಡುತ್ತಾರೆ.

“ನೀವು ಬರೆಸಿದ ಬೀಗರೆಲ್ಲಾ ಮುಗಿದ್ರು,” ಎಂದ ಅಂಗಡಿಯ ಗುರುಸಿದ್ದಪ್ಪ. “ನಿನ್ನಿ ದಂಡದ ಮಾರಿ ಅಂಗಡಿನೇ ಆರಿಸಿ ತಗೊಂಡೈತ್ರಿ.”

“ಹೋಗೋ ಮಾರಾಯಾ, ಈ ಊರಿನ ಇರುವಿ ಮಾರಿನೂ ನನಗ ಗೊತ್ತೈತಿ!”

“ಹಂಗಾರ ನಿಮ್ಮ ಜೋಡಿ ಬಂದವ್ರು ಯಾರು, ಹೇಳ್ರಿ ನೋಡೂಣು?”

ಪಕ್ಕದಲ್ಲಿದ್ದ ಹೆಂಗಸು ನನ್ನ ಅಂಗಿಯ ಕಾಲರ್ ಸರಿಮಾಡುತ್ತ, “ಹೇಳ್ರಿ, ಸುಮ್ಮನ್ಯಾಕ ನಿಂತ್ರಿ?” ಎಂದಳು.

ಸುಳ್ಳು ಹೇಳಿದೆ, ಕ್ಷಮಿಸಿ. ಬೆಳಿಗ್ಗೆ ಎದ್ದಾಗ ಈಕೆ ನನ್ನ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಯಾರೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.